ಶಿಗ್ಗಾಂವದ ನಕ್ಷೆ ಮತ್ತು ಲೆಕ್ಕ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಭೂಗೋಲವೂ ಜನಸಂಖ್ಯೆಯೂ ಎರಡು ಬೇರೆ ಪಾಠಗಳು. ಮೊದಲನೆಯದರಲ್ಲಿ ನೆಲ, ಮಳೆ, ಬೆಳೆ, ಎರಡನೆಯದರಲ್ಲಿ ಅಂಕಿಗಳು. ಪರೀಕ್ಷೆಗೆ ಈ ವಿಂಗಡಣೆ ಅನುಕೂಲವೇ. ಆದರೆ ಒಂದು ಊರನ್ನು ಅರಿಯಬೇಕಾದರೆ ಎರಡನ್ನೂ ಒಟ್ಟಿಗೆ ಓದಬೇಕೆಂಬುದು ನನ್ನ ಅನುಭವ. ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಕೇಳಿದ ಪ್ರಶ್ನೆ ಈ ಬರಹಕ್ಕೆ ಕಾರಣ: "ಸರ್, ಇಲ್ಲಿ ಕೆಲವೇ ನೂರು ಜನ ಇರುವ ಊರನ್ನೂ ಸಿಟಿ ಅನ್ನುತ್ತಾರೆ. ಹಾಗಾದರೆ ನಮ್ಮ ಶಿಗ್ಗಾಂವ ಸಿಟಿಯೋ, ಹಳ್ಳಿಯೋ?"

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಅಷ್ಟು ಸರಳವಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ 'ಸಿಟಿ' ಎಂಬುದು ಗಾತ್ರವನ್ನು ಸೂಚಿಸುವ ಮಾತಲ್ಲ. ಕಾನೂನು ಕೊಟ್ಟ ಸ್ಥಾನಮಾನ. ಸ್ವಂತ ಆಡಳಿತ ಮಾಡಿಕೊಳ್ಳಲು ಊರಿಗೆ ಸನದು ದೊರೆತರೆ ಸಾಕು, ಜನ ಎಷ್ಟೇ ಇರಲಿ. ನೆಬ್ರಾಸ್ಕಾ ರಾಜ್ಯದ ಮೊನೊವಿ ಎಂಬ ಊರು ಕಾನೂನಿನ ಪ್ರಕಾರ 'ವಿಲೇಜ್', ಆದರೂ ತನ್ನದೇ ಸ್ಥಳೀಯ ಆಡಳಿತವುಳ್ಳದ್ದು. 2010ರ ಗಣತಿಯಲ್ಲಿ ಅದರ ಜನಸಂಖ್ಯೆ ಒಂದು! ಒಬ್ಬ ವೃದ್ಧೆಯೇ ಇಡೀ ಊರು. 2020ರ ಗಣತಿಯಲ್ಲಿ ಅದು ಎರಡಾಯಿತು. ಮಗು ಹುಟ್ಟಿದ್ದರಿಂದಲ್ಲ. ಯಾರೊಬ್ಬರ ಖಾಸಗಿ ವಿವರವೂ ಬಯಲಾಗಬಾರದೆಂದು ಅಲ್ಲಿನ ಗಣತಿ ಇಲಾಖೆಯು ಸಣ್ಣ ಊರುಗಳ ಅಂಕಿಗಳನ್ನು ಉದ್ದೇಶಪೂರ್ವಕವಾಗಿ ತುಸು ಹೆಚ್ಚುಕಡಿಮೆ ಮಾಡಿ ಪ್ರಕಟಿಸಿತ್ತು.

ನಮ್ಮಲ್ಲಿ ಅಳತೆಗೋಲು ಬೇರೆ. ಸ್ಥಳೀಯ ಸಂಸ್ಥೆಯಿಲ್ಲದ ಊರನ್ನು ಗಣತಿಯವರು ಪಟ್ಟಣವೆನ್ನಬೇಕಾದರೆ ಕನಿಷ್ಠ 5,000 ಜನರಿರಬೇಕು. ದುಡಿಯುವ ಗಂಡಸರಲ್ಲಿ ಶೇ. 75ರಷ್ಟು ಮಂದಿ ಬೇಸಾಯೇತರ ಕೆಲಸದಲ್ಲಿರಬೇಕು. ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ ಇರಬೇಕು. ನಮ್ಮ ರಾಜ್ಯದ ಕಾನೂನಿನಲ್ಲಿ ಸ್ಥೂಲವಾಗಿ ಹತ್ತು ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, ಇಪ್ಪತ್ತು ಸಾವಿರ ದಾಟಿದರೆ ಪುರಸಭೆ, ಐವತ್ತು ಸಾವಿರ ದಾಟಿದರೆ ನಗರಸಭೆ. 2011ರ ಗಣತಿಯಂತೆ ಶಿಗ್ಗಾಂವದ ಜನಸಂಖ್ಯೆ ಸುಮಾರು 28 ಸಾವಿರ, ಬಂಕಾಪುರದ್ದು ಸುಮಾರು 22 ಸಾವಿರ, ಸವಣೂರಿನದು ಸುಮಾರು 40 ಸಾವಿರ. ಹೀಗೆ ಕಾಗದದ ಮೇಲೆ ನಾವು ಪುರಸಭೆಯ ಪಟ್ಟಣದವರು. ಹುಬ್ಬಳ್ಳಿಯವರ ಕಣ್ಣಿಗೆ ಹಳ್ಳಿಯವರು, ಸುತ್ತಲಿನ ಹಳ್ಳಿಯವರ ಕಣ್ಣಿಗೆ ಪ್ಯಾಟಿಯವರು!

ಇನ್ನು ನೆಲದ ವಿಚಾರ. ಶಿಗ್ಗಾಂವ ಇರುವುದು ಹದಿನೈದನೆಯ ಉತ್ತರ ಅಕ್ಷಾಂಶದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಪಶ್ಚಿಮಕ್ಕೆ ತಡಸ ದಾಟಿ ಮುಂಡಗೋಡಿನ ಕಡೆ ನಡೆದರೆ ಕಾಡು, ಮಳೆ, ಭತ್ತದ ಗದ್ದೆ. ಪೂರ್ವಕ್ಕೆ ಸವಣೂರಿನ ಕಡೆ ಹೊರಳಿದರೆ ಮಳೆ ಕಡಿಮೆಯಾಗುತ್ತ, ಎರೆಮಣ್ಣು ಕಾಣಿಸುತ್ತ, ಹತ್ತಿ, ಜೋಳ, ಮೆಣಸಿನಕಾಯಿ. ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಹೊಸ್ತಿಲಿನ ಮೇಲೆ ನಮ್ಮ ಊರು ಕುಳಿತಿದೆ. ಎರಡು ಸೀಮೆಗಳ ಬೆಳೆಗಳು ಕೈ ಬದಲಾಯಿಸಲು ಒಂದು ಸಂತೆ ಬೇಕು. ಸಂತೆ ಇದ್ದಲ್ಲಿ ಊರು ಬೆಳೆಯುತ್ತದೆ.

ದಾರಿಗಳೂ ಊರಿನ ಹಣೆಬರಹ ಬರೆಯುತ್ತವೆ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗವು ಹಾವೇರಿಯಿಂದ ಯಲವಿಗಿ, ಗುಡಗೇರಿ, ಕುಂದಗೋಳಗಳ ಮೂಲಕ ಹೋಯಿತು; ಶಿಗ್ಗಾಂವ ಪಶ್ಚಿಮದಲ್ಲಿ ಉಳಿದುಹೋಯಿತು. ನಮಗೆ ದಕ್ಕಿದ್ದು ಪುಣೆ–ಬೆಂಗಳೂರು ರಸ್ತೆ. ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಈಗಿನ 48. ಈ ರಸ್ತೆ ನಮಗೆ ಅನ್ನ ಕೊಟ್ಟಿದೆ. ನಮ್ಮ ಮಕ್ಕಳನ್ನು ಕರೆದೊಯ್ದದ್ದೂ ಇದೇ ರಸ್ತೆ.

ಊರುಗಳ ಅದೃಷ್ಟ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಬಂಕಾಪುರವೇ ನಿದರ್ಶನ. ರಾಷ್ಟ್ರಕೂಟ ಅಮೋಘವರ್ಷನ ಸೇನಾಪತಿ ಬಂಕೆಯನ ಹೆಸರನ್ನು ಹೊತ್ತ ಈ ಊರು ಬನವಾಸಿ ಪನ್ನಿರ್ಛಾಸಿರ ಪ್ರಾಂತದ ಆಡಳಿತ ಕೇಂದ್ರವಾಗಿತ್ತು. ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಇಲ್ಲಿಯೇ. ಗಮನಿಸಿ, ಆ ಪ್ರಾಂತದ ಹೆಸರಿನಲ್ಲಿಯೇ 12,000 ಎಂಬ ಸಂಖ್ಯೆ ಇದೆ! ಅದು ಊರುಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಬಂದಿದ್ದಾರೆ. ಬ್ರಿಟಿಷರ ಕಾಲಕ್ಕೆ ಬರುವಷ್ಟರಲ್ಲಿ ತಾಲೂಕಿನ ಹೆಸರು ಮಾತ್ರ ಬಂಕಾಪುರ, ಕಚೇರಿ ಶಿಗ್ಗಾಂವದಲ್ಲಿ. ಮುಂದೆ ಹೆಸರೂ ಶಿಗ್ಗಾಂವದ್ದೇ ಆಯಿತು. ಇಂದು ಬಂಕಾಪುರದ ಕೋಟೆಯೊಳಗೆ ನಗರೇಶ್ವರನ ಅರವತ್ತು ಕಂಬದ ಗುಡಿಯೂ ನವಿಲುಗಳೂ ಇವೆ. ರಾಜಧಾನಿಯಾಗಿದ್ದ ಊರು ಈಗ ಪುರಸಭೆಯ ಗಡಿರೇಖೆಯಿಂದ ತುಸುವೇ ಮೇಲಿದೆ.

ನಾನು ನೆಲ ಮತ್ತು ಜನ ಎರಡನ್ನೂ ಒಟ್ಟಿಗೆ ಓದಲು ಕಲಿತದ್ದು ತರಗತಿಯಲ್ಲಿ ಅಲ್ಲ, ಗಣತಿದಾರನಾಗಿ. ಶಿಕ್ಷಕರಿಗೆ ಈ ಕೆಲಸ ತಪ್ಪಿದ್ದಲ್ಲವೆಂದು ನಿಮಗೆ ಗೊತ್ತು. ಮೊದಲು ನಮಗೆ ಕೊಟ್ಟ ಓಣಿಗಳ ಕಚ್ಚಾ ನಕ್ಷೆ ಬರೆಯಬೇಕು: ಗುಡಿ, ಮಸೀದಿ, ಬಾವಿ, ಶಾಲೆ ಗುರುತಿಸಿ, ಮನೆಗಳಿಗೆ ಸಂಖ್ಯೆ ಹಾಕಿ, ನಡೆಯುವ ದಾರಿಗೆ ಬಾಣದ ಗುರುತು ಇಡಬೇಕು. ಆಮೇಲೆ ಆ ಸಂಖ್ಯೆಗಳ ಹಿಂದಿನ ಬಾಗಿಲುಗಳನ್ನು ಒಂದೊಂದಾಗಿ ತಟ್ಟಬೇಕು. 2011ರಲ್ಲಿ ಫೆಬ್ರುವರಿ 9ರಿಂದ 28ರವರೆಗೆ ಆ ಕೆಲಸ ನಡೆಯಿತು. ಆ ಅವಧಿಯುದ್ದಕ್ಕೂ ಊರಲ್ಲಿ ಇಲ್ಲದವರನ್ನು ಬರೆದುಕೊಳ್ಳುವಂತಿರಲಿಲ್ಲ.

ಒಂದು ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಳು. ಮನೆಯಲ್ಲಿ ಎಷ್ಟು ಜನ ಎಂದರೆ, "ನಾನು, ಮೂರು ಮಂದಿ ಗಂಡಸ ಮಕ್ಕಳು, ಬರಕೋರಿ" ಎಂದಳು.

"ಮಕ್ಕಳು ಎಲ್ಲಿ ಅದಾರಬೇ?"

"ಇಬ್ಬರು ಗೋವಾದಾಗ ಗೌಂಡಿ ಕೆಲಸಕ್ಕ ಹೋಗ್ಯಾರ್ರಿ. ಒಬ್ಬಾಂವ ಪುಣೇದಾಗ. ಹಬ್ಬಕ್ಕ ಬರತಾರ."

"ಇಲ್ಲಿ ಇಲ್ಲದವರನ್ನ ಬರಿಯಾಕ ಬರೂದಿಲ್ಲಬೇ."

ಆಕೆ ಸ್ವಲ್ಪ ಹೊತ್ತು ನನ್ನ ಕೈಯಲ್ಲಿದ್ದ ನಮೂನೆಯನ್ನು ನೋಡಿ ಕೇಳಿದಳು: "ಹಂಗಾರ ಮಾಸ್ತರ, ನಿಮ್ಮ ಕಾಗದದಾಗ ನಾ ಮಕ್ಕಳಿಲ್ಲದಾಕಿ ಆದ್ನೇನ್ರಿ?"

ಅದೃಷ್ಟಕ್ಕೆ ಅದೇ ನಮೂನೆಯಲ್ಲಿ ಮತ್ತೊಂದು ಪ್ರಶ್ನೆ ಇತ್ತು. ಮದುವೆಯಾದ ಪ್ರತಿ ಹೆಣ್ಣುಮಗಳಿಗೂ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವ ಮಕ್ಕಳೆಷ್ಟು ಎಂದು ಕೇಳಬೇಕಾಗಿತ್ತು. ಗಂಡು, ಹೆಣ್ಣು ಬೇರೆ ಬೇರೆಯಾಗಿ. ಆ ಅಂಕಣ ತೋರಿಸಿ, ಮೂರು ಗಂಡು ಎಂದು ಬರೆದೆ. "ಕುಂದಗೋಳಕ್ಕ ಕೊಟ್ಟ ಮಗಳನ್ನೂ ಬರೀರಿ" ಎಂದಳು. ಬರೆದೆ. ಆಮೇಲೆಯೇ ಆಕೆ ಹೆಬ್ಬೆಟ್ಟು ಒತ್ತಿದ್ದು. ಮೊನೊವಿಯಂತೆ ಆ ಮನೆಯ ಜನಸಂಖ್ಯೆಯೂ ಒಂದೇ. ಆದರೆ ಆ ಒಂದರ ಹಿಂದೆ ಇನ್ನೂ ನಾಲ್ಕು ಜನರಿದ್ದರು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಗಣತಿ, ಮಹಾಯುದ್ಧದ ನಡುವೆ 1941ರಲ್ಲಿಯೂ ನಿಲ್ಲದ ಗಣತಿ, 2021ರಲ್ಲಿ ಕೊರೋನಾದಿಂದ ನಿಂತಿತು. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು 2025ರ ಜೂನ್‌ನಲ್ಲಿ ಪ್ರಕಟಿಸಲಾಯಿತು. ಆಹಾರ ಭದ್ರತಾ ಕಾಯ್ದೆಯ ಪಡಿತರ ಎಷ್ಟು ಜನರಿಗೆ ಎಂಬ ಲೆಕ್ಕ ನಿಂತಿರುವುದು 2011ರ ಅಂಕಿಯ ಮೇಲೆ. ಆ ವರ್ಷ ಹುಟ್ಟಿದ ಮಗು ಹೈಸ್ಕೂಲು ಸೇರಿದರೂ ಅಂಕಿಗೆ ವಯಸ್ಸಾಗಲಿಲ್ಲ! ಸಣ್ಣ ಊರಿಗೆ ಇದರ ಪೆಟ್ಟು ಹೆಚ್ಚು. ದೊಡ್ಡ ನಗರಕ್ಕೆ ಎರಡು ಸಾವಿರ ಜನ ಲೆಕ್ಕಕ್ಕೇ ಇಲ್ಲ. ಬಂಕಾಪುರದಂಥ ಊರಿಗೆ ಅದೇ ಪುರಸಭೆಗೂ ಪಟ್ಟಣ ಪಂಚಾಯಿತಿಗೂ ನಡುವಣ ಅಂತರ.

ಊರಿನಲ್ಲಿರುವ ಬಂಧುಗಳಲ್ಲಿ ನನ್ನ ವಿನಂತಿ: ಗಣತಿಗೆ ಬಂದವರನ್ನು ಬಾಗಿಲಲ್ಲೇ ಕಳಿಸಿಬಿಡಬೇಡಿ, ಕೂರಿಸಿ, ನೀರು ಕೊಟ್ಟು, ಸರಿಯಾಗಿ ಬರೆಸಿರಿ. ಪುಣೆ, ಗೋವಾ, ಬೆಂಗಳೂರುಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ನೀವು ಎಲ್ಲಿ ವಾಸವಾಗಿದ್ದೀರೋ ಅಲ್ಲಿಯೇ ಎಣಿಸಿಕೊಳ್ಳಬೇಕು. ಊರಿನ ಮೇಲಿನ ಅಭಿಮಾನದಿಂದ ಎರಡು ಕಡೆ ಬರೆಸುವುದು ತಪ್ಪು. ಹಿಂದಿನ ಗಣತಿಗಳಲ್ಲಿ ಇದ್ದಂತೆ 'ಜನ್ಮಸ್ಥಳ' ಎಂಬ ಅಂಕಣ ಈ ಸಲವೂ ಬಂದರೆ, ಅವಸರದಲ್ಲಿ 'ಹಾವೇರಿ' ಎಂದಷ್ಟೇ ಹೇಳಿ ಮುಗಿಸಬೇಡಿ. ನಿಮ್ಮ ಹಳ್ಳಿಯ ಹೆಸರು ಹೇಳಿ, ಇಲ್ಲವೇ ಶಿಗ್ಗಾಂವ ಎನ್ನಿ. ಗಣತಿದಾರರಿಗೆ ಕೇಳಿಸದಿದ್ದರೆ ಅಕ್ಷರ ಬಿಡಿಸಿ ಹೇಳಿ. ನಮ್ಮ ಊರಿನ ಅರ್ಧ ಲೆಕ್ಕ ಬೇರೆ ಊರುಗಳ ಆ ಅಂಕಣದಲ್ಲಿಯೇ ಇದೆ.