ಸಂಧಾನದ ಚಿತ್ರ ಮತ್ತು ಚೌಕಟ್ಟಿನ ಹೊರಗಿನವರು

1938ರ ಸೆಪ್ಟೆಂಬರ್ 30ರಂದು ಲಂಡನ್ನಿನ ಹೆಸ್ಟನ್ ವಿಮಾನ ನಿಲ್ದಾಣದಲ್ಲಿ ಬ್ರಿಟನ್ನಿನ ಪ್ರಧಾನಿ ಚೇಂಬರ್ಲಿನ್ ಒಂದು ಹಾಳೆಯನ್ನು ಎತ್ತಿ ಹಿಡಿದರು. ಸುದ್ದಿಚಿತ್ರಗಳು ಆ ಹಾಳೆಯನ್ನೂ ಜನರ ಹರ್ಷೋದ್ಗಾರವನ್ನೂ ಜಗತ್ತಿಗೆ ತೋರಿಸಿದವು. ಆದರೆ ಅದು ಮ್ಯೂನಿಕ್ ಒಪ್ಪಂದವಲ್ಲ; ಹಿಟ್ಲರನೊಡನೆ ಪ್ರತ್ಯೇಕವಾಗಿ ಸಹಿ ಮಾಡಿದ ಸದ್ಭಾವನೆಯ ಘೋಷಣೆ. ಮ್ಯೂನಿಕ್ಕಿನಲ್ಲಿ ನೆಲ ಕಳೆದುಕೊಂಡ ಚೆಕೊಸ್ಲೊವಾಕಿಯಕ್ಕೆ ಮಾತುಕತೆಯಲ್ಲಿ ಸ್ಥಾನವೇ ಇರಲಿಲ್ಲ. ಈ ಗೈರುಹಾಜರಿಯನ್ನು ಆ ದೃಶ್ಯ ಹೇಳದು.

ಕುಂದಗೋಳದಲ್ಲಿ ಆಗ ಸವಾಯಿ ಗಂಧರ್ವರ ಬಳಿ ತರುಣ ಭೀಮಸೇನ ಜೋಶಿಯವರ ಸ್ವರಸಾಧನೆ ನಡೆದಿತ್ತು. ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಪ್ರಾಗ್ ನಗರವನ್ನು ಹೊಕ್ಕಿತು. ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ, ಭಾರತೀಯ ನಾಯಕರನ್ನು ಕೇಳದೆಯೇ, ಭಾರತವೂ ಯುದ್ಧದಲ್ಲಿದೆಯೆಂದು ಸಾರಿದರು. ಪ್ರತಿಭಟಿಸಿ ರಾಜೀನಾಮೆ ನೀಡಲು ಹುಬ್ಬಳ್ಳಿಯವರಿಗೆ ಮುಂಬಯಿ ಪ್ರಾಂತದ ಚುನಾಯಿತ ಮಂತ್ರಿಮಂಡಲವಾದರೂ ಇತ್ತು. ಕೂಗಳತೆಯ ದೂರದ ಕುಂದಗೋಳಕ್ಕೆ, ಸಂಸ್ಥಾನದ ಪ್ರಜೆಗಳಾದ ಕಾರಣ, ಅದೂ ಇರಲಿಲ್ಲ. ಚೆಕ್ಕರನ್ನು ಕೇಳದೆ ಶಾಂತಿ ಬಂದಿತು. ಇವರನ್ನು ಕೇಳದೆ ಯುದ್ಧ ಬಂದಿತು.

ಇದೇ ಸೀಮೆಯ ಅಣ್ಣಿಗೇರಿ ಪಂಪನ ತಾಯಿಯ ತವರು. ‘ವಿಕ್ರಮಾರ್ಜುನ ವಿಜಯ’ದಲ್ಲಿ ಕೃಷ್ಣನ ಸಂಧಾನ ಮುರಿದೊಡನೆ ಕವಿ ಸಭೆಯಲ್ಲೇ ನಿಲ್ಲುವುದಿಲ್ಲ, ಕೃಷ್ಣನೊಡನೆ ಹೊರಬಂದು ಕರ್ಣನೆಡೆಗೆ, ಅನಂತರ ಕುಂತಿಯೆಡೆಗೆ ಹೋಗುತ್ತಾನೆ. ಸಂಧಿ ಮುರಿದುದರ ಬೆಲೆ ತಿಳಿಯುವುದು ಅಲ್ಲಿ. ಸುದ್ದಿಚಿತ್ರವನ್ನು ಆಕರವಾಗಿ ಬಳಸುವ ಸಂಶೋಧಕ ಈ ಎರಡನೆಯ ನಡಿಗೆಯನ್ನು ತಾನೇ ನಡೆಯಬೇಕಾಗುತ್ತದೆ.