ಬ್ರಹ್ಮಗಿರಿಯ ದಾರಿಯಲ್ಲಿ

ಪಶ್ಚಿಮ ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಮುಂಗಾರಿನ ಮೋಡಗಳು ಘಟ್ಟವನ್ನು ದಾಟಿ ಪೂರ್ವದತ್ತ ಬರುವಷ್ಟರಲ್ಲಿ ತಮ್ಮ ಭಾರವನ್ನೆಲ್ಲ ಇಳಿಸಿಬಿಟ್ಟಿರುತ್ತವೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಿಗೆ ದೊರೆಯುವುದು ಸುಮಾರು 500 ಮಿಲಿಮೀಟರು ಮಾತ್ರ. ಇದು ಮರುಭೂಮಿಯಲ್ಲ, ಮರಳಿನ ದಿಬ್ಬಗಳಾಗಲಿ ಒಂಟೆಗಳ ಸಾಲಾಗಲಿ ಇಲ್ಲಿ ಕಾಣುವುದಿಲ್ಲ. ಆದರೆ ಜಾಲಿ, ಕಳ್ಳಿ, ಕಾರೆಗಳ ನಡುವೆ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳ ಬೆಟ್ಟಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು, "ಇಲ್ಲೇನಿದೆ, ಬರಿಯ ಕಲ್ಲು" ಎಂದು ಮುಖ ತಿರುಗಿಸುವುದುಂಟು. ಇಲ್ಲೇನಿದೆ ಎಂಬುದನ್ನು ಅರಿಯಬೇಕಾದರೆ ಬಸ್ಸಿನಿಂದ ಇಳಿದು ನಡೆಯಬೇಕು.

ಒಂದು ಡಿಸೆಂಬರಿನ ಮುಂಜಾನೆ ಚಳ್ಳಕೆರೆಯ ಉಪಾಧ್ಯಾಯರೊಬ್ಬರು ಎಂಟು ಮಂದಿ ವಿದ್ಯಾರ್ಥಿಗಳೊಡನೆ ಹಾಗೆ ನಡೆಯಲು ಹೊರಟರು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳಿರುವ ಸ್ಥಳಗಳು ಮೂರು: ಬ್ರಹ್ಮಗಿರಿ, ಅಲ್ಲಿಂದ ಪಶ್ಚಿಮಕ್ಕೆ ಸುಮಾರು ಒಂದು ಮೈಲಿಯಲ್ಲಿರುವ ಸಿದ್ದಾಪುರ, ಮತ್ತು ಮೂರು ಮೈಲಿಗಳಾಚೆಯ ಜಟಿಂಗರಾಮೇಶ್ವರ ಬೆಟ್ಟ. ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರಬೇಕೆಂಬುದು ಹುಡುಗರ ಹಟ. ಉಪಾಧ್ಯಾಯರು ಒಪ್ಪಿದರು; ಆದರೆ ಒಂದು ನಿಯಮವನ್ನು ವಿಧಿಸಿದರು. ಪ್ರತಿಯೊಬ್ಬರ ಬಳಿಯೂ ಎರಡು ಲೀಟರು ನೀರಿರಬೇಕು. ಅದು ಅರ್ಧ ಮುಗಿದೊಡನೆ, ಎಲ್ಲಿದ್ದರೂ ಸರಿಯೆ, ಹಿಂದಿರುಗಬೇಕು.

ಸೂರ್ಯನು ಮೇಲೇರುವ ಮುನ್ನವೇ ಅವರು ಬ್ರಹ್ಮಗಿರಿಯ ತಪ್ಪಲನ್ನು ಸೇರಿದರು. ಬಂಡೆಗಳಿನ್ನೂ ರಾತ್ರಿಯ ತಂಪನ್ನು ಉಳಿಸಿಕೊಂಡಿದ್ದವು. ಗವಿಗಳೊಳಗೆ ಇಣುಕಬಾರದೆಂದು ಉಪಾಧ್ಯಾಯರು ಎಚ್ಚರಿಸಿದರು. ಈ ಸೀಮೆಯ ಕಲ್ಲುಸಂದುಗಳು ಕರಡಿಗಳ ಮನೆ. ಸ್ವಲ್ಪ ಹೊತ್ತಿನಲ್ಲಿಯೇ ಅವರು ಶಾಸನವಿರುವ ಬಂಡೆಯ ಮುಂದೆ ನಿಂತರು. ಊರಿನ ಹಿರಿಯರು ಅದನ್ನು 'ಅಕ್ಷರಗುಂಡು' ಎಂದು ಕರೆಯುತ್ತಿದ್ದರು. ಆ ಅಕ್ಷರಗಳು ಯಾರವೆಂಬುದು ಲೋಕಕ್ಕೆ ತಿಳಿದದ್ದು 1892ರಲ್ಲಿ, ಬಿ. ಎಲ್. ರೈಸ್ ಅವರು ಈ ಶಾಸನಗಳನ್ನು ಬೆಳಕಿಗೆ ತಂದಾಗ.

ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಸಂದೇಶವದು. ಬರೆದವನು ಚಪಡನೆಂಬ ಲಿಪಿಕಾರ. ಅವನು ಕೊನೆಯ ಪದವೊಂದನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯ ಭಾರತದ ಲಿಪಿ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಉತ್ಖನನ ನಡೆಸಿದಾಗ, ಅಶೋಕನಿಗೂ ಹಿಂದೆ ನಯಗೊಳಿಸಿದ ಕಲ್ಲುಕೊಡಲಿಗಳನ್ನು ಬಳಸಿ ಬಾಳಿದ ಜನರ ನೆಲೆಯೂ ಬೆಳಕಿಗೆ ಬಂದಿತು. ಬರಿಯ ಕಲ್ಲೆಂದು ಜನ ಕಡೆಗಣಿಸುವ ಈ ನೆಲದಲ್ಲಿ ಸಾವಿರಾರು ವರ್ಷಗಳಿಂದ ಮನುಷ್ಯರು ಬದುಕಿದ್ದಾರೆ.

"ಅದರಲ್ಲಿ ಏನು ಬರೆದಿದೆ, ಸಾರ್?" ಎಂದು ಎಲ್ಲರಿಗಿಂತ ಚಿಕ್ಕವನಾದ ಹುಡುಗನು ಕೇಳಿದನು. ತಂದೆತಾಯಿಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಒಂದು ಭಾಗದ ತಾತ್ಪರ್ಯವೆಂದು ಉಪಾಧ್ಯಾಯರು ವಿವರಿಸಿದರು. "ಇನ್ನೊಂದು ಮಾತಿದೆ. ಉನ್ನತವಾದುದು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಪ್ರಯತ್ನ ಮಾಡಿದರೆ ಸಣ್ಣವರಿಗೂ ದೊರೆಯುತ್ತದೆ ಎಂದು ಇಲ್ಲಿ ಹೇಳಿದೆ" ಎಂದರು.

ಸಿದ್ದಾಪುರದ ಶಾಸನವನ್ನು ನೋಡಿ ಮುಗಿಸುವ ವೇಳೆಗೆ ಬಿಸಿಲು ಏರಿತ್ತು. ಬೆಳಗ್ಗೆ ತಂಪಾಗಿದ್ದ ಬಂಡೆಗಳು ಈಗ ಕಾದ ಹೆಂಚಿನಂತಾಗಿದ್ದವು. ಜಟಿಂಗರಾಮೇಶ್ವರ ಬೆಟ್ಟ ಎದುರಿಗೇ ಕಾಣುತ್ತಿತ್ತು. ರಾವಣನೊಡನೆ ಹೋರಾಡಿದ ಜಟಾಯು ಅಲ್ಲಿ ಬಿದ್ದನೆಂಬುದು ಜನರ ನಂಬಿಕೆ. ಹುಡುಗರು ಉತ್ಸಾಹದಿಂದ ಅತ್ತ ಹೆಜ್ಜೆ ಹಾಕುತ್ತಿರಲು ಉಪಾಧ್ಯಾಯರು ಎಲ್ಲರ ಬಾಟಲಿಗಳನ್ನೂ ನೋಡಿದರು. ಏಳು ಮಂದಿಯ ಬಳಿ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಚಿಕ್ಕ ಹುಡುಗನ ಬಳಿ ಅರ್ಧಕ್ಕೂ ಕಡಿಮೆ ಇತ್ತು. ಅವನು ತಲೆ ತಗ್ಗಿಸಿದನು.

"ಹಿಂದಿರುಗೋಣ" ಎಂದರು ಉಪಾಧ್ಯಾಯರು.

ಎಲ್ಲರಿಗಿಂತ ಎತ್ತರವಾಗಿದ್ದ ಹುಡುಗನಿಗೆ ಸಿಟ್ಟು ಬಂದಿತು. "ಇವನೊಬ್ಬನಿಗಾಗಿ ನಾವೆಲ್ಲರೂ ಏಕೆ ಹಿಂದಿರುಗಬೇಕು? ನನ್ನ ನೀರು ಸಾಕಷ್ಟಿದೆ. ಇವನು ಇಲ್ಲಿಯೇ ನೆರಳಿನಲ್ಲಿ ಕುಳಿತಿರಲಿ."

ಉಪಾಧ್ಯಾಯರು ಗದರಲಿಲ್ಲ. ಎಲ್ಲರನ್ನೂ ಬಂಡೆಯ ನೆರಳಿನಲ್ಲಿ ಕೂರಿಸಿ ಚಳ್ಳಕೆರೆಯ ಕಾವಲುಗಳ ವಿಷಯವನ್ನು ಹೇಳಿದರು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಬೇಸಗೆಗೆ ಕೆಲವು ಕಾವಲುಗಳು, ಮಳೆಗಾಲಕ್ಕೆ ಕೆಲವು, ಚಳಿಗಾಲಕ್ಕೆ ಕೆಲವು. ಒಂದು ಕಾವಲಿನಲ್ಲಿ ಹುಲ್ಲು ಇನ್ನೂ ಉಳಿದಿರುವಾಗಲೇ ಮಂದೆಯನ್ನು ಮುಂದಿನದಕ್ಕೆ ಹೊಡೆಯುತ್ತಿದ್ದರು. ಹಾಗೆ ಉಳಿದ ಬೇರಿನಿಂದಲೇ ಮರುವರ್ಷದ ಹುಲ್ಲು ಚಿಗುರುತ್ತಿತ್ತು. ಈಚೆಗೆ, 2010ರ ಸುಮಾರಿಗೆ, ಆ ಕಾವಲುಗಳಲ್ಲಿ ಸಾವಿರಾರು ಎಕರೆ ನೆಲವು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿತು.

"ಹುಲ್ಲು ಉಳಿದಿರುವಾಗಲೇ ಏಕೆ ಹೊಡೆಯುತ್ತಿದ್ದರು?" ಎಂದು ಉಪಾಧ್ಯಾಯರು ಕೇಳಿದರು. "ಇರುವುದನ್ನೆಲ್ಲ ಮುಗಿಸಿದ ಮೇಲೆ ಹೊರಟರೆ, ಮುಂದಿನ ಕಾವಲನ್ನು ಮುಟ್ಟುವುದು ಬಲವಾದ ಎತ್ತುಗಳು ಮಾತ್ರ. ಮಂದೆಯ ನಡಿಗೆಯನ್ನು ಎಳೆಗರುವಿನ ಕಾಲಿನಿಂದ ಅಳೆಯಬೇಕು. ನಮ್ಮ ನೀರಿನ ಲೆಕ್ಕವೂ ಹಾಗೆಯೇ."

ಎತ್ತರದ ಹುಡುಗನು ಮಾತನಾಡಲಿಲ್ಲ. ಬೆಟ್ಟದತ್ತ ಒಮ್ಮೆ ನೋಡಿ, ಎದ್ದು ಎಲ್ಲರಿಗಿಂತ ಮೊದಲು ಹಿಂದಿರುಗುವ ದಾರಿ ಹಿಡಿದನು.

ಮಧ್ಯಾಹ್ನದ ಬಿಸಿಲಿನಲ್ಲಿ ಬೆಳಗಿನ ಒಂದು ಮೈಲಿ ಎರಡು ಮೈಲಿಯಂತೆ ತೋರಿತು. ನಡುದಾರಿಯಲ್ಲಿ ಚಿಕ್ಕ ಹುಡುಗನ ನೀರು ಪೂರ್ತಿ ಮುಗಿಯಿತು. ಅವನು ಯಾರಿಗೂ ಹೇಳದೆ ಒಣಗಿದ ತುಟಿಗಳನ್ನು ನೆಕ್ಕಿಕೊಳ್ಳುತ್ತ ನಡೆಯುತ್ತಿದ್ದನು. ಅದನ್ನು ಮೊದಲು ಕಂಡವನು ಎತ್ತರದ ಹುಡುಗ. ಅವನು ನಿಂತು, ತನ್ನ ಬಾಟಲಿಯ ಮುಚ್ಚಳವನ್ನು ತೆರೆದು ಚಾಚಿದನು. ಇಬ್ಬರೂ ಸರದಿಯಂತೆ ಒಂದೊಂದು ಗುಟುಕು ಕುಡಿದರು. ಊರಿನ ನಲ್ಲಿಯ ಬಳಿಗೆ ಬಂದಾಗ ಆ ಬಾಟಲಿಯಲ್ಲಿ ಉಳಿದಿದ್ದುದು ನಾಲ್ಕು ಬೆರಳಿನಷ್ಟು ನೀರು. ಜಟಿಂಗರಾಮೇಶ್ವರಕ್ಕೆ ಹೋಗಿದ್ದರೆ ಏನಾಗುತ್ತಿತ್ತೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಮರುತಿಂಗಳು ಅದೇ ತಂಡವು ನಸುಕಿನಲ್ಲಿಯೇ ನೇರವಾಗಿ ಜಟಿಂಗರಾಮೇಶ್ವರವನ್ನು ಹತ್ತಿತು. ಜಾತ್ರೆಯಲ್ಲಿ ಬಳೆಗಾರರು ಮಳಿಗೆ ಹೂಡುತ್ತಿದ್ದುದರಿಂದ 'ಬಳೆಗಾರರ ಗುಂಡು' ಎನಿಸಿಕೊಂಡ ಬಂಡೆಯ ಮುಂದೆ ಅಶೋಕನ ಅಕ್ಷರಗಳು ಬಹಳವಾಗಿ ಸವೆದುಹೋಗಿವೆ. ಚಿಕ್ಕ ಹುಡುಗನು ಮಂಡಿಯೂರಿ ಕುಳಿತು, ಉಳಿದ ಅಕ್ಷರಗಳನ್ನು ಬಹಳ ಹೊತ್ತು ನೋಡಿದನು. ಅವನ ಚೀಲದಲ್ಲಿ ನೀರು ಇನ್ನೂ ಮುಕ್ಕಾಲು ಪಾಲು ಉಳಿದಿತ್ತು.