ಶುಷ್ಕಾಕ್ಷಿ

ಅಳದಂಗಡಿಯ ವೃದ್ಧರೊಬ್ಬರು ಪತ್ನೀವಿಯೋಗದ ದಿನವೂ ಕಂಬನಿಗರೆಯಲಿಲ್ಲ. ನೆರೆದವರು ಕಲ್ಲೆದೆಯೆಂದರು, ಬತ್ತಿದ್ದುದು ಕಣ್ಣೆಂಬುದು ಯಾರಿಗೆ ತಿಳಿದೀತು? ರೆಪ್ಪೆ ಮುಚ್ಚಿದರೆ ಮರಳುಜ್ಜಿದಂತಹ ಉರಿ.

ನೇತ್ರರೋಗಗಳನ್ನು 76 ಎಂದೆಣಿಸಿದ ಸುಶ್ರುತಾಚಾರ್ಯನು ಶುಷ್ಕಾಕ್ಷಿಪಾಕವನ್ನು ಶಸ್ತ್ರ ಸೋಂಕಿಸಬಾರದ 12ರಲ್ಲಿ ಸೇರಿಸಿ, ಘೃತಾದಿಗಳನ್ನೇ ವಿಧಿಸಿದನು. ಅಂತಹ ಶಸ್ತ್ರಪಟುವಿಗೆ ಈ ಸಂಯಮ!

ಈಗಲೂ ಮೊದಲು ಹನಿಮದ್ದೇ. ಸಾಲದಿರೆ ಕಣ್ಣೀರು ಹರಿದುಹೋಗುವ ರಂಧ್ರಗಳನ್ನು ಮುಚ್ಚುವರು. ಘೋರಾವಸ್ಥೆಗೆ ಒಡೆಸ್ಸಾ ನಗರದ ನೇತ್ರವೈದ್ಯ ಫಿಲಾಟೋವರು ಕೆನ್ನೆಯ ಲಾಲಾನಾಳವನ್ನೇ ಕಣ್ಣಿಗೆ ತಿರುಗಿಸುವ ಕ್ರಮವನ್ನು 1951ರಲ್ಲಿ ಪ್ರಕಟಿಸಿದರು. ಕಣ್ಣೇನೋ ತೇವವಾಯಿತು, ಆದರೆ ಜೊಲ್ಲಿಗೆ ದುಃಖದ ಅರಿವುಂಟೇ? ಉಣಲು ಕುಳಿತಾಗಲೇ ಅದು ಧಾರೆಯಾಗಿ ಸುರಿಯುವುದು. ಇತ್ತೀಚೆಗೆ ತುಟಿಯೊಳಗಿನ ಕಿರುಗ್ರಂಥಿಗಳನ್ನು ರೆಪ್ಪೆಯೊಳಗೆ ಕಸಿಮಾಡುವುದುಂಟು; ಅವಕ್ಕೆ ಊಟದ ಪರಿವೆ ಕಡಿಮೆ.

ವೃದ್ಧರಿಗೆ ರಂಧ್ರಬಂಧನವೇ ಸಾಕಾಯಿತು. ವರ್ಷಾಂತಿಕದಂದು ಪಿಂಡವಿಡುವಾಗ ಅವರ ಕಣ್ಣು ಒದ್ದೆಯಾಗಿತ್ತು. ಹೋಮದ ಹೊಗೆಯೆಂದರು.